ಮನೆಯಲ್ಲಿ ಇನ್ನೂ ಹೇಳಿಕೊಂಡಿಲ್ಲದವರು ಎಲ್‌ಜಿಬಿಟಿ ರಂಗತಂಡ ಸೇರಬಹುದೇ?

ದೊಡ್ಡ ನಗರಕ್ಕೆ ಹೊಸದಾಗಿ ಬಂದಿದ್ದೀರಿ, ಅಲ್ಲಿನ ಎಲ್‌ಜಿಬಿಟಿ ಸಮುದಾಯದ ರಂಗತಂಡವೊಂದನ್ನು ಸೇರುವ ಆಸೆಯಿದೆ, ಆದರೆ ಈವರೆಗೆ ಬಣ್ಣ ಹಚ್ಚಿದವರಲ್ಲ, ನಿಮ್ಮ ವಿಷಯ ಮನೆಯವರಿಗೂ ತಿಳಿದಿಲ್ಲ. ಹೀಗಿರುವಾಗ ಸೇರುವುದು ಸರಿಯೇ ಎಂದು ಕೇಳಿದ್ದೀರಿ. ಸೇರಿ ಎಂದೇ ಹೇಳುತ್ತೇನೆ. 11 ವರ್ಷಗಳಿಂದ ಇಂಥ ತಂಡಗಳಲ್ಲಿ, ಹೆಚ್ಚಾಗಿ ಬೆಳಕಿನ ನಿರ್ವಹಣೆ ಮಾಡುತ್ತಾ ಬಂದಿರುವ ನನಗೆ ಒಂದು ಮಾತು ಖಚಿತವಾಗಿ ಗೊತ್ತಾಗಿದೆ: ನೀವು ಎಷ್ಟು, ಯಾರಿಗೆ, ಯಾವಾಗ ಕಾಣಿಸಿಕೊಳ್ಳಬೇಕೆಂಬುದನ್ನು ನಿಮ್ಮ ಇಷ್ಟಕ್ಕೇ ಬಿಡುವ ತಂಡ ಒಳ್ಳೆಯ ತಂಡ. ಹಾಗೆ ಬಿಡದ ತಂಡದ ನಾಟಕಗಳು ಎಷ್ಟೇ ಹೆಸರು ಮಾಡಿರಲಿ, ಸದ್ಯಕ್ಕೆ ಅದು ನಿಮಗೆ ಹೇಳಿದ್ದಲ್ಲ.

ಈ ಎಚ್ಚರ ಹೊಸದೇನಲ್ಲ. ಕಾಣಿಸಿಕೊಳ್ಳುವುದೇ ಅಪರಾಧವಾಗಿದ್ದ ಕಾಲದಲ್ಲಿ ಈ ರಂಗಭೂಮಿ ಹುಟ್ಟಿತು. ನ್ಯೂಯಾರ್ಕ್‌ನಲ್ಲಿ 1927ರಲ್ಲಿ ಬಂದ ಕಾನೂನು, ಸಲಿಂಗಪ್ರೇಮವನ್ನು ವಿಕೃತಿಯೆಂದು ಕರೆದು, ಅದನ್ನು ವಸ್ತುವಾಗಿಸಿಕೊಂಡ ನಾಟಕಗಳನ್ನು ನಿಷೇಧಿಸಿತು. ಮೀರಿದ ರಂಗಮಂದಿರಕ್ಕೆ ಒಂದು ವರ್ಷದವರೆಗೆ ಬೀಗ ಜಡಿಯಲು ಅದರಲ್ಲಿ ಅವಕಾಶವಿತ್ತು. ಬ್ರಿಟನ್ನಿನಲ್ಲಿ ನಾಟಕಗಳ ಹಸ್ತಪ್ರತಿಗಳು 1968ರವರೆಗೂ ಲಾರ್ಡ್ ಚೇಂಬರ್ಲಿನ್ ಎಂಬ ಅರಮನೆಯ ಅಧಿಕಾರಿಯ ಕಚೇರಿಯಿಂದ ಒಪ್ಪಿಗೆ ಪಡೆದ ಮೇಲೆಯೇ ಸಾರ್ವಜನಿಕ ರಂಗಮಂದಿರದಲ್ಲಿ ಪ್ರದರ್ಶನವಾಗಬೇಕಿತ್ತು. ದೊಡ್ಡ ರಂಗಮಂದಿರಗಳ ಮಾಲೀಕರು ಹೆದರಿದಾಗ ನಾಟಕಗಳು ಸಣ್ಣ ಕೋಣೆಗಳನ್ನು ಹುಡುಕಿಕೊಂಡವು. ಜೋ ಚೀನೊ ಎಂಬ, ನೃತ್ಯ ಬಿಟ್ಟಿದ್ದ ಕಲಾವಿದ 1958ರಲ್ಲಿ ನ್ಯೂಯಾರ್ಕ್‌ನ ಗ್ರೀನ್‌ವಿಚ್ ವಿಲೇಜ್‌ನಲ್ಲಿ ಕಾಫಿ ಅಂಗಡಿಯೊಂದನ್ನು ತೆರೆದರು. ಅಲ್ಲಿನ ವೇದಿಕೆ ಸುಮಾರು 8 ಅಡಿ ಉದ್ದ, 8 ಅಡಿ ಅಗಲದ್ದು. ನಾಟಕ ಮುಗಿದ ಮೇಲೆ ಟೋಪಿ ಹಿಡಿದು ಪ್ರೇಕ್ಷಕರಿಂದ ಹಣ ಕೂಡಿಸುತ್ತಿದ್ದರು. ವಯಸ್ಸಾಗುತ್ತಿರುವ ಡ್ರ್ಯಾಗ್ ಕ್ವೀನ್ (ಹೆಣ್ಣಿನ ವೇಷ ತೊಟ್ಟು ರಂಜಿಸುವ ಕಲಾವಿದ) ಒಬ್ಬರ ಒಂಟಿತನವನ್ನು ಕುರಿತು ಲ್ಯಾನ್‌ಫೋರ್ಡ್ ವಿಲ್ಸನ್ ಬರೆದ ನಾಟಕ 1964ರಲ್ಲಿ ಅಲ್ಲಿ ಮೊದಲು ಪ್ರದರ್ಶನಗೊಂಡು, ಮುಂದೆ 200ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. 1927ರ ಕಾನೂನು ಆಗಿನ್ನೂ ರದ್ದಾಗಿರಲಿಲ್ಲ. ಅದಕ್ಕೆ 1967 ಬರಬೇಕಾಯಿತು.

ನಟನೆಯ ಅನುಭವವಿಲ್ಲವೆಂಬ ನಿಮ್ಮ ಅಳುಕಿಗೆ ಇದೇ ಇತಿಹಾಸದಲ್ಲಿ ಉತ್ತರವಿದೆ. ದುಡ್ಡಿಲ್ಲದ ತಂಡಗಳಲ್ಲಿ ಎಲ್ಲರೂ ಎಲ್ಲ ಕೆಲಸವನ್ನೂ ಮಾಡಬೇಕಾಗುತ್ತದೆ, ಕೆಲಸ ಮಾಡುತ್ತಲೇ ಕಲಿಯುತ್ತಾರೆ. ನ್ಯೂಯಾರ್ಕ್‌ನ ಈಸ್ಟ್ ವಿಲೇಜ್‌ನಲ್ಲಿ 1980ರ ದಶಕದ ಆರಂಭದಲ್ಲಿ ಮಹಿಳೆಯರು, ಅವರಲ್ಲಿಯೂ ಬಹಳಷ್ಟು ಮಂದಿ ಲೆಸ್ಬಿಯನ್ ಮಹಿಳೆಯರು, ಕಟ್ಟಿದ ವಾವ್ ಕೆಫೆ ಥಿಯೇಟರ್ ಇದನ್ನೇ ನಿಯಮವಾಗಿ ಮಾಡಿಕೊಂಡಿತು: ಬೇರೆಯವರ ನಾಟಕಕ್ಕೆ ದೀಪ ಕಟ್ಟಿ, ಟಿಕೆಟ್ ಹರಿದು, ನೆಲ ಗುಡಿಸಿದವರಿಗೆ ತಮ್ಮ ನಾಟಕವನ್ನು ಆಡಲು ವೇದಿಕೆ ಸಿಗುತ್ತದೆ. ಮುಯ್ಯಾಳಿನ ಲೆಕ್ಕವೆಂದರೆ ನಮಗೆ ಬೇಗ ಅರ್ಥವಾದೀತು. ನಿಮ್ಮ ನಗರದ ತಂಡದಲ್ಲೂ ಮೊದಲು ಪರಿಕರಗಳ ಪಟ್ಟಿ ಇಡುವ, ತಾಲೀಮಿನಲ್ಲಿ ಪ್ರಾಂಪ್ಟ್ ಮಾಡುವ, ಅಂದರೆ ನಟರು ಮರೆತ ಮಾತನ್ನು ನೆನಪಿಸುವ, ಉಡುಪುಗಳಿಗೆ ಇಸ್ತ್ರಿ ಹಾಕುವ ಕೆಲಸವನ್ನು ಕೇಳಿ ಪಡೆಯಿರಿ. ನೇಪಥ್ಯದಲ್ಲಿ ದುಡಿಯುವವರು ಯಾರು, ಏನು ಎಂದು ಪ್ರೇಕ್ಷಕರು ಕೇಳುವುದಿಲ್ಲ. ತಂಡದ ಒಳಗಂತೂ ನಟರಷ್ಟೇ ಹತ್ತಿರದವರಾಗುತ್ತೀರಿ. ಗ್ರ್ಯಾಂಡ್ ರಿಹರ್ಸಲ್ ಮುಗಿದು ರಾತ್ರಿ ಒಂದು ಗಂಟೆಗೆ ಸೆಟ್ ಮೇಲೆಯೇ ಕಾಲು ಚಾಚಿ ಕೂತು ಮಾತಾಡುವಾಗ ಯಾರು ನಟ, ಯಾರು ಅಲ್ಲ ಎಂಬ ಭೇದ ಉಳಿಯುವುದಿಲ್ಲ.

ವೇದಿಕೆ ಹತ್ತುವ ದಿನ ಬಂದಾಗಲೂ ಪೂರ್ತಿ ಬೆಳಕಿಗೇ ಬರಬೇಕೆಂದಿಲ್ಲ. ಮೊದಲ ಸಲ ರಂಗಕ್ಕೆ ಬರುತ್ತಿದ್ದ ಒಬ್ಬರು ಪ್ರದರ್ಶನದ ಹಿಂದಿನ ದಿನ ನಾನು ಕೂತಿದ್ದಲ್ಲಿಗೆ ಬಂದು, "ನನ್ನ ಮಾತು ಕೇಳಲಿ, ಮುಖ ಕಾಣುವುದು ಬೇಡ" ಎಂದರು. ನಾಲ್ಕು ನಿಮಿಷದ ಸ್ವಗತ ಅವರದು. ಎದುರಿನ ದೀಪಗಳನ್ನೆಲ್ಲ ಆರಿಸಿ, ಹಿಂದಿನಿಂದ ಒಂದೇ ದೀಪವನ್ನು ಕೊಟ್ಟೆವು. ಭುಜದ ಅಂಚು, ಕೂದಲಿನ ಸುತ್ತ ತೆಳುವಾದ ಗೆರೆ, ಮಾತಿನ ಜೊತೆ ಮೇಲೇಳುವ ಬಲಗೈ ಇಷ್ಟೇ ಕಾಣುತ್ತಿತ್ತು. ಅಭಿನಯವೆಲ್ಲ ಕತ್ತಲಲ್ಲಿ ಹೋಗುತ್ತದೆಂದು ನಿರ್ದೇಶಕರಿಗೆ ಬೇಸರವಿತ್ತು, ಆದರೂ ಅವರು ಒತ್ತಾಯ ಮಾಡಲಿಲ್ಲ. ಎರಡನೆಯ ಪ್ರದರ್ಶನ ಮುಗಿದ ಮೇಲೆ ಆ ನಟರೇ ಬಂದು ಪಕ್ಕದಿಂದ ಸ್ವಲ್ಪ ಬೆಳಕು ಬಿಡಿ ಎಂದರು. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರನ್ನು ನೂರರಲ್ಲಿ 20ಕ್ಕೆ ಏರಿಸಿದೆ. ಕೊನೆಯ ಪ್ರದರ್ಶನದ ಹೊತ್ತಿಗೆ ಅದು 35ಕ್ಕೆ ಬಂದು ನಿಂತಿತು. ಅದಕ್ಕಿಂತ ಹೆಚ್ಚು ಅವರು ಕೇಳಲಿಲ್ಲ, ನಾನೂ ಏರಿಸಲಿಲ್ಲ.

ವೇದಿಕೆಯ ಮೇಲೆ ಇಷ್ಟೊಂದು ಎಚ್ಚರ ವಹಿಸುವವರು ವೇದಿಕೆಯಿಂದ ಇಳಿದ ಮೇಲೆ ಮೈಮರೆಯುತ್ತಾರೆ. ಅಪಾಯ ಇರುವುದು ಅಲ್ಲಿ. ನಾನು ಮೊದಲು ಕೆಲಸ ಮಾಡಿದ ತಂಡದಲ್ಲಿ ಪ್ರದರ್ಶನದ ಖುಷಿಯಲ್ಲಿ ಎಲ್ಲರೂ ಸೇರಿ ತೆಗೆಸಿಕೊಂಡ ಫೋಟೋವನ್ನು ಯಾರೋ ಯಾರನ್ನೂ ಕೇಳದೆ ತಂಡದ ಪುಟದಲ್ಲಿ ಹಾಕಿಬಿಟ್ಟರು. ಒಂದು ಗಂಟೆಯಲ್ಲಿ ಅದನ್ನು ತೆಗೆಸಿದೆವು, ಅಷ್ಟರೊಳಗೆ ನಮ್ಮೊಬ್ಬ ಸಂಗಾತಿಯ ಕಚೇರಿಯವರು ಅದನ್ನು ನೋಡಿಯಾಗಿತ್ತು. ಅವರು ಮತ್ತೆ ತಾಲೀಮಿಗೆ ಬರಲಿಲ್ಲ. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ, ಆದರೆ ನಿಯಮವೂ ಇರಲಿಲ್ಲ. ಆ ನೋವು ನನ್ನಲ್ಲಿ ಇನ್ನೂ ಇದೆ. ಆದ್ದರಿಂದ ಸೇರುವ ಮೊದಲೇ ಸಂಕೋಚಪಡದೆ ಕೇಳಿ: ಫೋಟೋ ತೆಗೆಯುವವರು ಯಾರು, ಹಾಕುವ ಮುನ್ನ ಯಾರ ಒಪ್ಪಿಗೆ ಪಡೆಯುತ್ತಾರೆ, ಪ್ರೇಕ್ಷಕರು ಮೊಬೈಲಿನಲ್ಲಿ ಚಿತ್ರೀಕರಿಸದಂತೆ ಬಾಗಿಲಲ್ಲಿ ಹೇಳುವವರಿದ್ದಾರೆಯೇ, ಕರಪತ್ರದಲ್ಲಿ ನಾನು ಹೇಳಿದ ಹೆಸರೇ ಅಚ್ಚಾಗುತ್ತದೆಯೇ, ವಾಟ್ಸ್ಆ್ಯಪ್ ಗುಂಪಿಗೆ ನಂಬರ್ ಕೊಡಲೇಬೇಕೇ? ಇವಕ್ಕೆ ಉತ್ತರ ಸಿದ್ಧವಾಗಿರುವ ತಂಡ ಮೊದಲೇ ಇದನ್ನೆಲ್ಲ ಯೋಚಿಸಿದೆ ಎಂದರ್ಥ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಮುಂದಿನ ತಂಡವನ್ನು ನೋಡಿಕೊಳ್ಳಿ.

ರಂಗನಾಮ ಇಟ್ಟುಕೊಳ್ಳುವುದರಲ್ಲಿ ಮುಚ್ಚುಮರೆಯ ಕೀಳರಿಮೆ ಬೇಡ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ 1970ರ ದಶಕದ ಆರಂಭದಲ್ಲಿ ಡ್ರ್ಯಾಗ್ ಕಲಾವಿದೆ ಕ್ರಿಸ್ಟಲ್ ಲಬೇಜಾ ಅವರ ಮುಂದಾಳತ್ವದಲ್ಲಿ ಶುರುವಾದ ಬಾಲ್‌ರೂಮ್ ಮನೆತನಗಳ, ಅಂದರೆ ಬಾಲ್ ಎಂಬ ವೇಷ-ನಡಿಗೆಗಳ ಸ್ಪರ್ಧೆಗೆ ಕುಟುಂಬದಂತೆ ಕೂಡಿಕೊಂಡ ಎಲ್‌ಜಿಬಿಟಿ ಗುಂಪುಗಳ, ಸದಸ್ಯರು ಮನೆತನದ ಹೆಸರನ್ನೇ ತಮ್ಮ ಹೆಸರಿನ ಕೊನೆಗೆ ಸೇರಿಸಿಕೊಂಡು ಸ್ಪರ್ಧೆಗೆ ಇಳಿಯುತ್ತಿದ್ದರು, ಇಂದಿಗೂ ಇಳಿಯುತ್ತಾರೆ. ಆ ಹೆಸರಿನಲ್ಲಿಯೇ ಅವರಿಗೆ ಮರ್ಯಾದೆ, ಪ್ರಶಸ್ತಿ ಎಲ್ಲವೂ ಸಿಗುತ್ತದೆ. ಇಂಥ ಡ್ರ್ಯಾಗ್, ಹಾಗೆಯೇ ಹೋಟೆಲು-ಕ್ಲಬ್ಬುಗಳಲ್ಲಿ ನಡೆಯುವ ಹಾಡು-ಕುಣಿತದ ಕ್ಯಾಬರೆಗಳು ಚೆಲುವಾದ ಕಲೆಗಳು, ಆದರೆ ಅಲ್ಲಿ ಪ್ರೇಕ್ಷಕರು ಕೈಗೆಟುಕುವಷ್ಟು ಹತ್ತಿರ ಇರುತ್ತಾರೆ. ಆರಂಭಕ್ಕೆ ನಾಟಕ ತಂಡವೇ ನಿಮಗೆ ಸುಲಭವೆಂದು ನನ್ನ ಅನಿಸಿಕೆ.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಈ ತಂಡಗಳಲ್ಲಿ ನಾಟಕವನ್ನು ಹಲವು ಸಲ ಸದಸ್ಯರ ಅನುಭವಗಳಿಂದಲೇ ಕಟ್ಟುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1977ರಲ್ಲಿ ಹುಟ್ಟಿದ ಥಿಯೇಟರ್ ರೈನಾಸರಸ್, ಏಡ್ಸ್‌ನಿಂದ ತನ್ನವರೇ ಸಾಯುತ್ತಿದ್ದ 1984ರಲ್ಲಿ, ಹಲವರು ಸೇರಿ ಬರೆದ ತುಣುಕುಗಳಿಂದ ಪ್ರಯೋಗವೊಂದನ್ನು ರಂಗಕ್ಕೆ ತಂದಿತು. ಒಬ್ಬರ ಮೇಲೆ ಹೊರಲಾಗದ ಭಾರವನ್ನು ಹತ್ತಾರು ಮಂದಿ ಹಂಚಿಕೊಂಡ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಕಾರ್ಯಾಗಾರದಲ್ಲಿ ಎಲ್ಲರೂ ವೃತ್ತಾಕಾರವಾಗಿ ಕೂತು, ದೀಪ ತಗ್ಗಿಸಿ, "ನಿಮ್ಮ ಬದುಕಿನ ಒಂದು ಘಟನೆ ಹೇಳಿ" ಎಂದಾಗ ಹೊಸಬರು ಇರುವುದನ್ನೆಲ್ಲ ಹೇಳಿಬಿಡುತ್ತಾರೆ, ಮೂರು ವಾರಗಳ ಮೇಲೆ ಅದನ್ನು ಬೇರೆಯವರ ಬಾಯಲ್ಲಿ ಸಂಭಾಷಣೆಯಾಗಿ ಕೇಳಿ ತತ್ತರಿಸುತ್ತಾರೆ. ಹೇಳಿದ್ದನ್ನು ಹಿಂದಕ್ಕೆ ಪಡೆಯುವ ಹಕ್ಕು ಕೊನೆಯವರೆಗೂ ನಿಮಗಿದೆಯೇ ಎಂದು ಮೊದಲ ದಿನವೇ ಕೇಳಿ. ಪ್ರದರ್ಶನದ ನಂತರದ ಸಂವಾದದಲ್ಲೂ ಇದೇ ಎಚ್ಚರವಿರಲಿ. ಲಂಡನ್ನಿನಲ್ಲಿ 1975ರಲ್ಲಿ ಆರಂಭವಾದ ಗೇ ಸ್ವೆಟ್‌ಶಾಪ್ ತಂಡದ ಕಾಲದಿಂದಲೂ ಇಂಥ ಸಂವಾದಗಳಿಗೆ ಈ ರಂಗಭೂಮಿಯಲ್ಲಿ ದೊಡ್ಡ ಸ್ಥಾನವಿದೆ, ಆದರೆ ಅಲ್ಲಿ ಯಾರಾದರೊಬ್ಬರು ಎದ್ದು ನಿಂತು "ಇದು ನಿಮ್ಮದೇ ಕಥೆಯೇ?" ಎಂದು ನಟರನ್ನು ಕೇಳಿಯೇ ಕೇಳುತ್ತಾರೆ. "ಇದು ಪಾತ್ರದ ಕಥೆ" ಎಂದು ಹೇಳಿ ಸುಮ್ಮನಾಗಿ. ಅದು ಸುಳ್ಳಾಗುವುದಿಲ್ಲ.

ಈ ತಿಂಗಳು ಮೊದಲು ಒಂದು ನಾಟಕವನ್ನು ಟಿಕೆಟ್ ಕೊಂಡು ನೋಡಿ. ಮುಗಿದ ಮೇಲೆ ತಕ್ಷಣ ಹೊರಡದೆ, ಕುರ್ಚಿಗಳನ್ನು ಎತ್ತಿಡುತ್ತಿರುವವರ ಬಳಿ ಹೋಗಿ, ನಾನೂ ಕೈಜೋಡಿಸಲೇ ಎಂದು ಕೇಳಿ. ನಿಮ್ಮ ಹೆಸರೇನೆಂದು ಕೇಳುತ್ತಾರೆ. ಏನೆಂದು ಕರೆಯಬೇಕೋ ಆ ಹೆಸರನ್ನು ಹೇಳಿ.