ಬ್ರೇಕ್ ಇಲ್ಲದ ಬೈಕು, ಪೆನ್ಸಿಲ್ ಹಿಡಿದ ಪ್ರೇಕ್ಷಕರು

(ಓದುಗರ ಪ್ರಶ್ನೆ, ನಮ್ಮ ಉತ್ತರ)

ಕಳೆದ ಸಂಚಿಕೆಯಲ್ಲಿ ಒಬ್ಬರು ‘ಕ್ರಿಕೆಟ್ ಬಿಟ್ಟು ಬೇರೆ ಆಟದ ಹುಚ್ಚು ನಿಮಗಿತ್ತಾ?’ ಎಂದು ಕೇಳಿದ್ದರು. ‘ಇತ್ತು. ಇಂಗ್ಲೆಂಡಿನ ಸ್ಪೀಡ್‌ವೇ, ಬ್ರೇಕ್ ಇಲ್ಲದ ಬೈಕುಗಳ ರೇಸು’ ಎಂದು ಒಂದು ಸಾಲು ಬರೆದು ಸುಮ್ಮನಾಗಿದ್ದೆ. ಈ ತಿಂಗಳ ಪತ್ರಗಳಲ್ಲಿ ಅದರದ್ದೇ ಮಾತು. ಬಾಡಿಗೆ ಕರಾರು, ಮೊಣಕಾಲು ನೋವು ಎಂದು ಬರೆದವರು ದಯವಿಟ್ಟು ಒಂದು ತಿಂಗಳು ಕಾಯಬೇಕು.

ಬ್ರೇಕ್ ಇಲ್ಲದ ಬೈಕನ್ನು ತಿರುವಿನಲ್ಲಿ ಓಡಿಸುವುದು ಹೇಗೆ ಸಾರ್? ನೀವು ಅಲ್ಲಿಗೆ ಹೋಗಿ ಸೇರಿಕೊಂಡಿದ್ದು ಹೇಗೆ?
– ಗಿರಿನಗರದ ಓದುಗರು

ಎರಡನೆಯದಕ್ಕೆ ಮೊದಲು ಉತ್ತರ. 1970ರ ದಶಕದಲ್ಲಿ ನಾನು ಪೂರ್ವ ಲಂಡನ್ನಿನ ಒಂದು ಹಡಗು ಕಂಪನಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಶುಕ್ರವಾರ ಸಂಬಳದ ಕವರು ಕೈಗೆ ಬರುತ್ತಿತ್ತು. ಅದೇ ಶುಕ್ರವಾರ ಸಂಜೆ ಹ್ಯಾಕ್ನಿಯ ವಾಟರ್ಡನ್ ರಸ್ತೆಯಲ್ಲಿ ರೇಸು. ಎರಡೂ ಒಂದೇ ದಿನ ಬಂದರೆ ಬ್ರಹ್ಮಚಾರಿ ಏನು ಮಾಡಬೇಕು ಹೇಳಿ?

ಇನ್ನು ಬೈಕು. 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರು. ಬ್ರೇಕು ಮುಂದೂ ಇಲ್ಲ, ಹಿಂದೂ ಇಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಅಲ್ಲ, ಮೆಥನಾಲ್. ನಾಲ್ಕು ಜನ ಸಾಲಾಗಿ ನಿಲ್ಲುತ್ತಾರೆ. ಎದುರಿಗೆ ಅಡ್ಡಲಾಗಿ ಟೇಪು ಕಟ್ಟಿರುತ್ತದೆ. ಅದು ಮೇಲೆ ಚಿಮ್ಮಿದ ಕೂಡಲೇ ಕ್ಲಚ್ ಬಿಟ್ಟು ನುಗ್ಗಬೇಕು. ಅವಸರಕ್ಕೆ ಟೇಪು ಮುಟ್ಟಿದರೆ ಆ ಓಟದಿಂದ ಔಟು. ಕಲ್ಲುಪುಡಿ ಹಾಸಿದ ಟ್ರ್ಯಾಕಿನಲ್ಲಿ ಅಪ್ರದಕ್ಷಿಣೆಯಾಗಿ ನಾಲ್ಕು ಸುತ್ತು. ಒಂದು ನಿಮಿಷ, ಜಾಸ್ತಿ ಅಂದರೆ ಇನ್ನೊಂದಿಷ್ಟು ಸೆಕೆಂಡು, ಅಷ್ಟೇ.

ತಿರುವು ಬಂದಾಗ ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸುತ್ತಾರೆ. ಬೈಕು ಅಡ್ಡಡ್ಡ ಆಗುತ್ತದೆ. ಮುಂದಿನ ಚಕ್ರ ಬಲಕ್ಕೆ ತಿರುಗಿರುತ್ತದೆ, ಬೈಕು ಮಾತ್ರ ಎಡಕ್ಕೆ ಹೋಗುತ್ತಿರುತ್ತದೆ! ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿರುತ್ತಾರೆ. ಆ ಕಾಲನ್ನು ನೆಲದ ಮೇಲೆ ಉಜ್ಜುತ್ತಾ ತಿರುಗುತ್ತಾರೆ. ಹಾಗೆ ಅಡ್ಡ ಜಾರುವುದರಲ್ಲೇ ವೇಗ ತಗ್ಗುತ್ತದೆ. ಬ್ರೇಕ್ ಇದ್ದಿದ್ದರೆ ಅಪಾಯ ಜಾಸ್ತಿ. ಮುಂದಿನವನು ಗಕ್ಕನೆ ಹಿಡಿದರೆ ಹಿಂದಿನವನು ಅವನ ಬೆನ್ನ ಮೇಲೆ, ಅಲ್ವಾ?

ಆದರೆ ನನ್ನನ್ನು ಹಿಡಿದಿಟ್ಟಿದ್ದು ವೇಗ ಅಲ್ಲ, ಲೆಕ್ಕ. ಬಾಗಿಲಲ್ಲೇ ಒಂದು ಪ್ರೋಗ್ರಾಂ ಪುಸ್ತಿಕೆ ಮಾರುತ್ತಿದ್ದರು. ಒಳಗೆ ಪ್ರತಿ ಹೀಟಿಗೂ, ಅಂದರೆ ನಾಲ್ಕು ಸುತ್ತಿನ ಒಂದೊಂದು ಓಟಕ್ಕೂ, ಖಾಲಿ ಮನೆಗಳು. ಗೆದ್ದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಒಂದು ಹೀಟಿನಲ್ಲಿ ಎರಡೂ ತಂಡದಿಂದ ಇಬ್ಬಿಬ್ಬರು. ನಮ್ಮವರಿಗೆ ಕೆಂಪು, ನೀಲಿ ಹೆಲ್ಮೆಟ್ ಬಣ್ಣ. ಬಂದವರಿಗೆ ಬಿಳಿ, ಹಳದಿ. ಲೀಗ್ ಪಂದ್ಯಕ್ಕೆ ಆಗ 13 ಹೀಟು. ಹೀಟಿಗೆ 6ರಂತೆ ಒಟ್ಟು 78 ಅಂಕ. 40 ಮುಟ್ಟಿದವರು ಗೆದ್ದ ಹಾಗೆ. ಸೋಲುತ್ತಿರುವ ತಂಡ 6 ಅಂಕ ಹಿಂದೆ ಬಿತ್ತು ಅಂದರೆ ಮ್ಯಾನೇಜರ್ ತನ್ನ ಒಳ್ಳೆಯ ರೈಡರ್‌ನನ್ನು ಇನ್ನೊಬ್ಬನ ಬದಲಿಗೆ ಇಳಿಸಬಹುದು. ಆ ಘೋಷಣೆ ಕೇಳಿದ್ದೇ ತಡ, ಇಡೀ ಸ್ಟ್ಯಾಂಡಿನವರು ತಲೆ ತಗ್ಗಿಸಿ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆಯುತ್ತಿದ್ದರು. ಇಂಥ ಆಟ ಗುಮಾಸ್ತರಿಗೆಂದೇ ಯಾರೋ ಮಾಡಿಟ್ಟ ಹಾಗಿತ್ತು!

ಎರಡು ಹೀಟುಗಳ ನಡುವೆ ಟ್ರ್ಯಾಕ್ಟರ್ ಬಂದು ಕಲ್ಲುಪುಡಿ ಸಮ ಮಾಡುತ್ತಿತ್ತು. ಓಟ ಒಂದು ನಿಮಿಷ, ಕಾಯುವುದು ಅದರ ಮೂರ್ನಾಲ್ಕು ಪಟ್ಟು. ಟಿವಿಯವರು ಆ ಹೊತ್ತಿನಲ್ಲಿ ಜಾಹೀರಾತು ಹಾಕುತ್ತಾರೆ. ನಮಗೆ ಆಟ ನಡೆಯುತ್ತಿದ್ದದ್ದೇ ಆಗ. ಮುಂದಿನ ಹೀಟಿಗೆ ಒಳಗಿನ ಗೇಟು (ಟೇಪಿನ ಎದುರು ಒಳಬದಿಯ ಜಾಗ) ಯಾರಿಗೆ, ಮಳೆ ಬಿದ್ದ ಟ್ರ್ಯಾಕಿನಲ್ಲಿ ಹೊರಗಿನಿಂದ ಹೋಗುವುದು ಲಾಭವೋ ನಷ್ಟವೋ ಎಂದು ಪಕ್ಕದವರ ಜೊತೆ ವಾದ. ನನ್ನ ಇಂಗ್ಲಿಷು ಸರಾಗ ಆಗಿದ್ದು ಆಫೀಸಿನಲ್ಲಿ ಅಲ್ಲ, ಅಲ್ಲಿ.

ಹೆಂಗಸರು, ಮಕ್ಕಳು ಬರುತ್ತಿದ್ದರೇ? ಪೆಟ್ಟು, ಸಾವು ಆಗುತ್ತಿರಲಿಲ್ಲವೇ?
– ಮಲ್ಲೇಶ್ವರದ ಓದುಗರು

ಸಂಸಾರ ಸಮೇತ ಬರುತ್ತಿದ್ದರು ಅಮ್ಮಾ. ತಂಡದ ಬಣ್ಣದ ಮಫ್ಲರನ್ನು ತಾವೇ ಹೆಣೆದು ಹಾಕಿಕೊಂಡ ಅಜ್ಜಿಯರು ಬೇಲಿಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಫುಟ್‌ಬಾಲಿನಲ್ಲಿ ಆಗ ಹೊಡೆದಾಟ ಮಾಮೂಲಿ. ಇಲ್ಲಿ ಎರಡೂ ಊರಿನವರು ಒಟ್ಟಿಗೇ ನಿಂತು ಚಿಪ್ಸ್ ಹಂಚಿಕೊಳ್ಳುತ್ತಿದ್ದರು. ಪಂದ್ಯ ಮುಗಿದ ಮೇಲೆ ಮಕ್ಕಳು ಬೈಕು ಸಜ್ಜು ಮಾಡುವ ಪಿಟ್ಸಿಗೆ ಹೋಗಿ, ಮೈಯೆಲ್ಲ ಮಣ್ಣಾದ ರೈಡರ್‌ಗಳ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಪೆಟ್ಟು? ಅದನ್ನು ಮುಚ್ಚಿಡಬಾರದು. ಬೆಲ್ ವ್ಯೂ ತಂಡದ ಪೀಟರ್ ಕ್ರೇವನ್ 1955ರಲ್ಲೂ 1962ರಲ್ಲೂ ವಿಶ್ವ ಚಾಂಪಿಯನ್ ಆದವನು. ಗಿಡ್ಡ ಆಳು. ಮರುವರ್ಷವೇ ಎಡಿನ್‌ಬರೋದಲ್ಲಿ ಬಿದ್ದು ತೀರಿಕೊಂಡ. ನಮ್ಮ ಹ್ಯಾಕ್ನಿಯಲ್ಲೇ 1979ರ ಜೂನಿನಲ್ಲಿ ವಿಕ್ ಹಾರ್ಡಿಂಗ್ ಎಂಬ ಹುಡುಗ ಹೋದ. ಅದರ ಬಗ್ಗೆ ಇಷ್ಟು ವರ್ಷ ಆದಮೇಲೂ ಜಾಸ್ತಿ ಬರೆಯಲು ಮನಸ್ಸು ಬರುವುದಿಲ್ಲ.

ಸ್ಪೀಡ್‌ವೇಯಲ್ಲಿ ಜಾವಾ ಬೈಕುಗಳಿದ್ದವು ಎಂದು ಓದಿದೆ. ನಮ್ಮ ಮೈಸೂರಿನ ಜಾವಾನೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಬನಶಂಕರಿ

ಟ್ಯಾಂಕಿನ ಮೇಲಿನ ಹೆಸರು ಒಂದೇ ಕಣಪ್ಪಾ, ಹೊಟ್ಟೆಯೊಳಗಿನ ಇಂಜಿನ್ ಬೇರೆ. ಮೈಸೂರಿನ ಐಡಿಯಲ್ ಜಾವಾದಲ್ಲಿ ಆಗುತ್ತಿದ್ದದ್ದು ಟೂ ಸ್ಟ್ರೋಕ್, 250 ಸಿಸಿ. ಸ್ಪೀಡ್‌ವೇ ಜಾವಾ ಫೋರ್ ಸ್ಟ್ರೋಕ್. ಅದರ ಮೂಲ ಎಸೊ ಎಂಬ ಚೆಕ್ ಕಂಪನಿ. 1960ರ ದಶಕದಲ್ಲಿ ಅದನ್ನು ಜಾವಾದೊಳಗೆ ಸೇರಿಸಿದರು. ಅದಕ್ಕೂ ಮುಂಚೆ ದಶಕಗಳ ಕಾಲ ಲಂಡನ್ನಿನ ಜೆಎಪಿ ಇಂಜಿನ್ನಿನದೇ ರಾಜ್ಯಭಾರ. 1970ರ ದಶಕದ ನಡುವೆ ಇಂಗ್ಲೆಂಡಿನ ವೆಸ್ಲೇಕ್ ನಾಲ್ಕು ವಾಲ್ವಿನ ಇಂಜಿನ್ ತಂದು ಜಾವಾಕ್ಕೆ ನೀರು ಕುಡಿಸಿತು. ನಾನು ಗುಟ್ಟಾಗಿ ಜಾವಾ ಪಾರ್ಟಿ. ಚಾಮರಾಜಪೇಟೆಯಲ್ಲಿ ಮಾವನ ಜಾವಾ ಮೇಲೆ ಕೂತು ಬೆಳೆದವನು ಇನ್ನೇನು ಮಾಡಲಿ?

ಮೆಥನಾಲ್ ಯಾಕೆ ಎಂದೂ ಕೇಳಿದ್ದೀಯ. ಅದು ಆವಿಯಾಗುವಾಗ ಇಂಜಿನ್ನಿನ ಬಿಸಿ ಎಳೆದುಕೊಳ್ಳುತ್ತದೆ. ಹಾಗಾಗಿ ಕಂಪ್ರೆಷನ್ ಏರಿಸಬಹುದು, ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಉರಿದು ಇಂಜಿನ್ ಬಡಿದುಕೊಳ್ಳುವುದು) ಆಗುವುದಿಲ್ಲ. ಅದರ ಜೊತೆಗೆ ಹಾಕುತ್ತಿದ್ದ ಇಂಜಿನ್ ಆಯಿಲ್ ಏನು ಗೊತ್ತಾ? ಹರಳೆಣ್ಣೆಯಿಂದ ಮಾಡಿದ ಕ್ಯಾಸ್ಟ್ರಾಲ್ ಆರ್. ಹಬ್ಬದ ಬೆಳಿಗ್ಗೆ ತಲೆಗೆ ಬಡಿಯುವ ಅದೇ ಹರಳೆಣ್ಣೆ! ಅದು ಸುಟ್ಟ ವಾಸನೆ ಶುಕ್ರವಾರ ರಾತ್ರಿ ನನ್ನ ಕೋಟಿಗೆ ಅಂಟಿದರೆ ಸೋಮವಾರ ಆಫೀಸಿನಲ್ಲೂ ಬರುತ್ತಿತ್ತು. ಜೊತೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಮನೆಯ ವಾಸನೆ.

ನೀವು ಕಂಡವರಲ್ಲಿ ಅತಿ ದೊಡ್ಡ ರೈಡರ್ ಯಾರು?
– ಯಲಹಂಕದ ಓದುಗರು

ದಾಖಲೆ ನೋಡಿದರೆ ನ್ಯೂಜಿಲೆಂಡಿನ ಐವನ್ ಮಾಗರ್. ಆರು ಸಲ ವಿಶ್ವ ಚಾಂಪಿಯನ್: 1968, 69, 70, 72, 77, 79. ಕೊನೆಯದನ್ನು ಗೆದ್ದಾಗ ನಲವತ್ತು ತುಂಬಲು ತಿಂಗಳು ಬಾಕಿ. ಆ ಸಲ ಎರಡನೆಯವನಾಗಿ ಬಂದವನು ಹ್ಯಾಕ್ನಿಯಲ್ಲಿ ನಾವೆಲ್ಲ ನೋಡಿದ್ದ ಪೋಲೆಂಡಿನ ಜೆನಾನ್ ಪ್ಲೆಕ್. ಮಾಗರ್, ಬ್ಯಾರಿ ಬ್ರಿಗ್ಸ್, ರಾನಿ ಮೂರ್ ಮೂವರೂ ಕ್ರೈಸ್ಟ್‌ಚರ್ಚ್ ಎಂಬ ಒಂದೇ ಊರಿನವರು. ಆ ಒಂದೂರಿಗೆ 12 ವಿಶ್ವ ಕಿರೀಟ!

ಆದರೆ ನನ್ನ ಓಟು ಇಂಗ್ಲೆಂಡಿನ ಪೀಟರ್ ಕಾಲಿನ್ಸ್‌ಗೆ. ಮಾಗರ್ ಟೇಪು ಎದ್ದ ಕ್ಷಣವೇ ಮುಂದೆ ಹೋಗಿ ಲೆಕ್ಕಾಚಾರವಾಗಿ ಗೆಲ್ಲುತ್ತಿದ್ದ. ನೋಡುವವರಿಗೆ ಅದರಲ್ಲಿ ಏನಿದೆ? ಕಾಲಿನ್ಸ್ ಹಿಂದಿನಿಂದ ಬಂದು, ಹೊರಗಿನ ಬೇಲಿಗೆ ಒರಗಿಕೊಂಡಂತೆ ಹೋಗಿ, ಒಬ್ಬೊಬ್ಬರನ್ನೇ ದಾಟುತ್ತಿದ್ದ. 1976ರಲ್ಲಿ ಪೋಲೆಂಡಿನಲ್ಲಿ ಚಾಂಪಿಯನ್ ಆದ. ಮರುವರ್ಷ ಕಾಲು ಮುರಿದುಕೊಂಡೇ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಫೈನಲ್ ಓಡಿದ, ಮಳೆಯಲ್ಲಿ. ಎರಡನೆಯವನಾದ. ಗೆದ್ದವನು ಮಾಗರ್. ಹ್ಯಾಕ್ನಿಗೆ ಬಂದಾಗ ಕಾಲಿನ್ಸ್ ನಮ್ಮ ಎದುರಾಳಿ. ಆದರೂ ಅವನು ದಾಟಿದಾಗ ನಮ್ಮವರೇ ಕೈ ತಟ್ಟುತ್ತಿದ್ದರು.

ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ಜೂನಿನಲ್ಲಿ ನಾವಿಬ್ಬರೂ ಹೋಗುತ್ತೇವೆ. ಈ ಆಟ ಈಗಲೂ ಇದೆಯೇ?
– ಜಯನಗರದ ದಂಪತಿ

ಇದೆ, ಆದರೆ ಸೊರಗಿದೆ. ನನ್ನ ಕಾಲದಲ್ಲಿ ವಾರದ ಒಂದೊಂದು ರಾತ್ರಿ ಒಂದೊಂದು ಊರಿನಲ್ಲಿ ರೇಸು. ಬುಧವಾರ ಪೂಲ್, ಗುರುವಾರ ವಿಂಬಲ್ಡನ್ ಅಥವಾ ಇಪ್ಸ್‌ವಿಚ್, ಶುಕ್ರವಾರ ನಮ್ಮದು. ಹುಚ್ಚು ಹತ್ತಿದವರು ವಾರಪೂರ್ತಿ ಸುತ್ತುತ್ತಿದ್ದರು. ಆಮೇಲೆ ಜಾಗಕ್ಕೆ ಬೆಲೆ ಬಂತು. ಕೆಂಪೇಗೌಡ ರಸ್ತೆಯ ಥಿಯೇಟರುಗಳು ಹೋದದ್ದನ್ನು ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೆಸ್ಟ್ ಹ್ಯಾಮ್ ಟ್ರ್ಯಾಕು 1972ರಲ್ಲೇ ಹೋಗಿ ಮನೆಗಳಾದವು. ಅಲ್ಲಿನ ಕೆಲವು ಬೀದಿಗಳಿಗೆ ಹಳೆಯ ರೈಡರ್‌ಗಳ ಹೆಸರಿಟ್ಟರು, ಅಷ್ಟಾದರೂ ಮಾಡಿದರು. ವಿಂಬಲ್ಡನ್ನಿನ ಪ್ಲೋ ಲೇನ್ ಜಾಗದಲ್ಲಿ ಈಗ ಫುಟ್‌ಬಾಲ್ ಸ್ಟೇಡಿಯಂ. ನಮ್ಮ ವಾಟರ್ಡನ್ ರಸ್ತೆಯ ಜಾಗ 2012ರ ಒಲಿಂಪಿಕ್ಸ್‌ನ ಮಾಧ್ಯಮ ಕೇಂದ್ರಕ್ಕೆ ಹೋಯಿತು. 2023ರಲ್ಲಿ ವುಲ್ವರ್‌ಹ್ಯಾಂಪ್ಟನ್, ಪೀಟರ್‌ಬರೋ ಎರಡೂ ಟ್ರ್ಯಾಕ್ ಕಳೆದುಕೊಂಡವು. ಹಾಗಂತ ಪೂರ್ತಿ ಅಳುವ ಹಾಗೂ ಇಲ್ಲ. 2007ರಲ್ಲಿ ಮುಚ್ಚಿದ್ದ ಆಕ್ಸ್‌ಫರ್ಡ್ 2022ರಲ್ಲಿ ಮತ್ತೆ ಬಾಗಿಲು ತೆರೆಯಿತು.

ನಿಮ್ಮ ಅದೃಷ್ಟ ಚೆನ್ನಾಗಿದೆ. ಮ್ಯಾಂಚೆಸ್ಟರಿನ ಬೆಲ್ ವ್ಯೂ ತಂಡಕ್ಕೆಂದೇ ಒಂದು ಸ್ಟೇಡಿಯಂ ಇದೆ. 2016ರಲ್ಲಿ ಕರ್ಕ್‌ಮನ್ಸ್‌ಹುಲ್ಮ್ ಲೇನಿನಲ್ಲಿ ಹೊಸದಾಗಿ ಕಟ್ಟಿದ್ದು, ಹೆಸರೇ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ. ಯಾವತ್ತು ಪಂದ್ಯ ಎಂದು ಮಗಳಿಗೆ ಮೊದಲೇ ನೋಡಿಡಲು ಹೇಳಿ. ಮಳೆ ಬಂದರೆ ರದ್ದಾಗುತ್ತದೆ, ಅಲ್ಲಿ ಮಳೆಗೆ ಜೂನ್, ಡಿಸೆಂಬರ್ ಎಂಬ ಭೇದ ಇಲ್ಲ. ಸ್ವೆಟರ್ ಬೇಕೇ ಬೇಕು. ಯಜಮಾನರಿಗೆ ಸದ್ದು ಆಗದಿದ್ದರೆ ಕಿವಿಗೆ ಹತ್ತಿ. ಪ್ರೋಗ್ರಾಂ ಕೊಳ್ಳದೆ ಒಳಗೆ ಹೋಗಬೇಡಿ, ಇಲ್ಲದಿದ್ದರೆ ಓಟದಲ್ಲಿ ಯಾವ ಹೆಲ್ಮೆಟ್ ಯಾರದು ಎಂದು ಗೊತ್ತಾಗುವುದಿಲ್ಲ. ಎರಡು ಹೀಟು ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ಕೂತು ನೋಡಿ. ಆಮೇಲೆ ಇಬ್ಬರೂ ಎದ್ದು ತಿರುವಿನ ಹೊರಬದಿಗೆ ಹೋಗಿ ನಿಲ್ಲಿ. ಕಲ್ಲುಪುಡಿ ಸಿಡಿಯುತ್ತದೆ, ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಬೇಡಿ ಅಷ್ಟೇ.