ಸಿಗ್ನಲ್ ಬಳಿ ಹೊಗೆಯ ಲೆಕ್ಕ ಕಡಿಮೆ ಬರಲು ಕಾರಣ

ಸುಮೋ (ಕಂಪ್ಯೂಟರ್‌ನಲ್ಲಿ ವಾಹನ ಸಂಚಾರ ಅನುಕರಿಸುವ ತಂತ್ರಾಂಶ) ಕೊಟ್ಟ ಸರಾಸರಿ ವೇಗವನ್ನು ಕೋಪರ್ಟ್‌ಗೆ (ವೇಗದಿಂದ ಹೊಗೆ ಲೆಕ್ಕ ಹಾಕುವ ಮಾದರಿ) ಹಾಕಿದರೆ ಸಿಗ್ನಲ್ ಹತ್ತಿರ ನೈಟ್ರೋಜನ್ ಆಕ್ಸೈಡ್ ಅಳತೆಗಿಂತ ಯಾಕೆ ಕಡಿಮೆ ಬರುತ್ತದೆ ಅಂತ ಕೇಳಿದ್ದೀರಿ. ಎಡವಟ್ಟು ಆ ಸರಾಸರಿಯಲ್ಲೇ ಇದೆ. 500 ಮೀಟರ್ ರಸ್ತೆಗೆ 90 ಸೆಕೆಂಡ್ ಹಿಡಿದರೆ ವೇಗ ಗಂಟೆಗೆ 20 ಕಿ.ಮೀ. ಅದೇ ಗಾಡಿ 45 ಸೆಕೆಂಡ್ ಕೆಂಪು ದೀಪಕ್ಕೆ ನಿಂತು, ಉಳಿದದ್ದನ್ನು 40ರಲ್ಲಿ ಓಡಿದರೂ ಸರಾಸರಿ 20 ಕಿ.ಮೀ.ಯೇ. ಹೊಗೆ ಹೆಚ್ಚುವುದು ನಿಂತಲ್ಲಿಂದ ಎದ್ದು ಓಡುವಾಗ. ಕೋಪರ್ಟ್ ಇಡೀ ಪ್ರಯಾಣದ ಸರಾಸರಿಗೆ ಮಾಡಿದ್ದು, ಒಂದು ತುಂಡು ರಸ್ತೆಗೆ ಬಳಸಿದರೆ ಇದು ಕಾಣುವುದಿಲ್ಲ.

ಅದರ ಬದಲು ಸುಮೋದ್ದೇ ಎಮಿಷನ್ ಔಟ್‌ಪುಟ್ (ಹೊಗೆ ಲೆಕ್ಕದ ಫೈಲ್) ತೆಗೆಯಿರಿ, ಅದು ಪ್ರತಿ ಗಾಡಿಗೆ ಸೆಕೆಂಡಿಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತದೆ. ಪ್ರತಿ ವಾಹನ ಬಗೆಗೂ ಎಮಿಷನ್ ಕ್ಲಾಸ್ (ಅದು ಎಷ್ಟು ಹೊಗೆ ಬಿಡುವ ವರ್ಗ ಅಂತ) ಬರೆಯಲೇಬೇಕು. ಬಿಟ್ಟರೆ ಡೀಸೆಲ್ ಲಾರಿಗೂ ಡಿಫಾಲ್ಟ್ ಕ್ಲಾಸೇ ಅಂಟಿಕೊಳ್ಳಬಹುದು.

ಇನ್ನೊಂದು ಕಳ್ಳ ಜಾಗ ಟೆಲಿಪೋರ್ಟ್. ಡಿಫಾಲ್ಟ್ ಆಗಿ 300 ಸೆಕೆಂಡ್ ಅಲ್ಲಾಡದ ಗಾಡಿಯನ್ನು ಸುಮೋ ಎತ್ತಿ ಮುಂದಿಡುತ್ತದೆ, ಸಾಲಿನ ಜೊತೆ ಅದರ ಹೊಗೆಯೂ ಮಾಯ. ಹೀಗೆ ಎಷ್ಟು ಸಲ ಆಗಿದೆ ಅಂತ ಸುಮೋ ಲಾಗ್‌ನಲ್ಲಿ ಎಣಿಸಿ. ಜಾಸ್ತಿ ಇದ್ದರೆ ಮೊದಲು ಸಿಗ್ನಲ್ ಅವಧಿ, ಲೇನ್ ಜೋಡಣೆ ಸರಿಮಾಡಿ. ಬರೀ ಆ 300ರ ಜಾಗದಲ್ಲಿ -1 ಕೊಟ್ಟು ಟೆಲಿಪೋರ್ಟ್ ಆಫ್ ಮಾಡಿದರೆ ಇಡೀ ರಸ್ತೆ ಜಾಲ ಕಟ್ಟಿಕೊಂಡು ಹೊಗೆ ವಿಪರೀತ ಏರಬಹುದು.