ಬಿಡಿಸಿಕೊಳ್ಳದ ಬಲಗೈ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದ, ಮೂವತ್ತರ ಆಸುಪಾಸಿನ ಈ ಕೂಲಿಕಾರ ಮಹಿಳೆಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೆಣಸಿನಕಾಯಿ ಬಿಡಿಸಲು ಆಳುಗಳನ್ನು ತುಂಬಿಕೊಂಡು ಹೊರಟಿದ್ದ ಗೂಡ್ಸ್ ವಾಹನ ಪಲ್ಟಿಯಾಗಿ, ಪಕ್ಕದಲ್ಲೇ ಕುಳಿತಿದ್ದ ಅವರ ನೆಗೆಣ್ಣಿ ತೀರಿಕೊಂಡಿದ್ದರು. ಎಂಟು ತಿಂಗಳ ನಂತರ, ವೈದ್ಯರ ಸೂಚನೆಯಂತೆ, ಬಲಭುಜದ ನೋವು ಹೇಳಿಕೊಂಡು ಅವರು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದರು. ಎಕ್ಸ್‌ರೇ, ಇಸಿಜಿ ಎರಡೂ ಸರಿಯಿದ್ದುದರಿಂದ ಮನೆಯವರು ತಾಯತ ಕಟ್ಟಿಸಿ ಸುಮ್ಮನಾಗಿದ್ದರು. ವರದಿ ಸರಿಯಿದ್ದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲವೆಂದು ಮೊದಲ ದಿನವೇ ಅವರಿಗೂ ಅವರ ಗಂಡನಿಗೂ ತಿಳಿಸಿದೆ.

ಮಾತಿನ ನಡುವೆ ಹೊರಗೆ ಲಾರಿಯೊಂದು ಬ್ರೇಕ್ ಹಾಕಿತು. ಅವರ ಬಲಗೈ ಸೆರಗಿನ ಅಂಚನ್ನು ಗೆಣ್ಣುಗಳು ಬಿಳಿಚುವಷ್ಟು ಬಿಗಿಯಾಗಿ ಹಿಡಿಯಿತು. ಲಾರಿ ಹೋಗಿ ಎಷ್ಟೋ ಹೊತ್ತಾದರೂ ಹಿಡಿತ ಸಡಿಲಲಿಲ್ಲ. ಅಪಾಯ ಎದುರಾದಾಗ ನರಮಂಡಲವು ಎದೆಬಡಿತವನ್ನು ಏರಿಸಿ, ಸ್ನಾಯುಗಳನ್ನು ಬಿಗಿಗೊಳಿಸಿ ದೇಹವನ್ನು ಸಜ್ಜುಮಾಡುತ್ತದೆ. ಅಪಾಯ ಕಳೆದ ಮೇಲೂ ಆ ಸಜ್ಜು ಇಳಿಯದೆ ಉಳಿದವರಿಗೆ ಡೀಸೆಲ್ ವಾಸನೆಯೋ ಮೆಣಸಿನ ಘಾಟೋ ತಾಗಿದರೆ ಸಾಕು, ಮೈ ಮತ್ತೆ ಅದೇ ಗಳಿಗೆಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಅಪಘಾತದ ಕಥೆಯನ್ನು ನಾನು ಆಗ ಕೇಳಲಿಲ್ಲ. ಮೊದಲ ನಾಲ್ಕು ಭೇಟಿಗಳಲ್ಲಿ ತಣ್ಣನೆಯ ಕಲ್ಲುಹಾಸಿಗೆ ಅಂಗಾಲೂರಿ ಕೂರುವುದು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು, ಟವೆಲ್ಲೊಂದನ್ನು ಬೇಕೆಂದೇ ಬಿಗಿಹಿಡಿದು ಒಂದೊಂದೇ ಬೆರಳನ್ನು ಬಿಡಿಸುವುದು, ಇಷ್ಟೇ ನಡೆಯಿತು. ಮನೆಯಲ್ಲಿ ರೊಟ್ಟಿ ಬಡಿಯುವಾಗ ಅಂಗೈಗೆ ತಾಗುವ ಹಿಟ್ಟಿನ ಹದದ ಮೇಲೆ ಗಮನವಿಡಲು ಹೇಳಿದೆ.

ಐದನೆಯ ಭೇಟಿಯಲ್ಲಿ ಕಿರುಬೆರಳು ಬಿಡಿಸುತ್ತಿದ್ದಂತೆ ಅವರು ಅತ್ತರು: "ಆಕಿ ಕೈ ನಾನ ಬಿಟ್ಟೆನ್ರಿ." ಕೈ ಜಾರಿದ್ದಕ್ಕೂ ಕೈಬಿಟ್ಟದ್ದಕ್ಕೂ ವ್ಯತ್ಯಾಸ ಕಾಣದೆ, ಎರಡರ ಭಾರವನ್ನೂ ಅವರು ಅದೇ ಭುಜದ ಮೇಲೆ ಹೊತ್ತಿದ್ದರು. ಮುಂದೆ ಆ ದಿನವನ್ನು ತುಣುಕು ತುಣುಕಾಗಿ ಮಾತಿಗೆ ತಂದು, ಎದೆ ಡವಗುಟ್ಟಿದಾಗಲೆಲ್ಲ ಅಂಗಾಲು, ಉಸಿರಿನತ್ತ ಮರಳಿ, ಉರುಳುವ ವಾಹನದಲ್ಲಿ ಯಾರ ಕೈಯಾದರೂ ಎಷ್ಟು ಹಿಡಿದೀತು ಎಂಬುದನ್ನು ಅವರೇ ಅಳೆದು ನೋಡುವಂತೆ ಮಾಡಿದೆ.

ನಿದ್ರೆಗಾಗಿ ಮನೋವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದೆಂದೂ, 'ಮರೆತುಬಿಡು' ಎನ್ನಬಾರದೆಂದೂ, ರಾತ್ರಿ ಬೆಚ್ಚಿಬಿದ್ದರೆ ದೀಪ ಹಾಕಿ, ಹೆಸರು ಹಿಡಿದು ಕರೆದು, ಮನೆಯಲ್ಲಿದ್ದೀ ಎಂದು ಹೇಳಬೇಕೆಂದೂ ಮನೆಯವರಿಗೆ ಸಲಹೆ ನೀಡಿದೆ. ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ, ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯಲ್ಲೇ ಒದಗಿಸುವ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಲ್ಲಿನವರು ಈ ನೆರವು ಕೇಳಲು ಸಂಕೋಚಪಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹನ್ನೆರಡು ಭೇಟಿಗಳ ನಂತರ ಭುಜದ ನೋವು ಬಹಳಷ್ಟು ಇಳಿದಿದೆ, ಬೆಚ್ಚುವುದು ಪೂರ್ತಿ ನಿಂತಿಲ್ಲ. ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಗೂಡ್ಸ್ ವಾಹನ ಹತ್ತುವುದಿಲ್ಲ ಎನ್ನುತ್ತಾರೆ. ಅದನ್ನು ನಾನು ರೋಗಲಕ್ಷಣವೆಂದು ಬರೆದುಕೊಂಡಿಲ್ಲ.